ಅವ್ವ ಹೋಟೆಲಿನಲ್ಲಿ ಮಲಗಿದ್ದು

“ಹೋಟ್ಲಲ್ಲಿ ಯಾರಾರೂ ಮಲಿಕೊತಾರೇನಮ್ಮಿ?”

ತಮ್ಮ ಜಪಾನಿನಿಂದ ಫೋನು ಮಾಡಿ, ನಮ್ಮಿಬ್ಬರಿಗೂ ಏಳು ರಾತ್ರಿಗೆ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದೇನೆ ಎಂದಾಗ ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ವಿಮಾನ ಹೇಗಿರುತ್ತದೆ, ಎಷ್ಟು ದೂರ, ಎಷ್ಟು ಚಳಿ ಎಂಬುದೆಲ್ಲ ಆಮೇಲೆ.

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮೂರು ಮಿರ್ಲೆ. ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿದೆ, ಆದರೆ ವಿಳಾಸ ಹೇಳುವಾಗ ನಮ್ಮ ಬಾಯಲ್ಲಿ ಇನ್ನೂ ಕೆ.ಆರ್. ನಗರವೇ ಬರುತ್ತದೆ. ನಮ್ಮ ಕಡೆ ಹೋಟೆಲು ಎಂದರೆ ಇಡ್ಲಿ, ದೋಸೆ, ಕಾಫಿ. ತಂಗುವ ಜಾಗಕ್ಕೆ ಲಾಡ್ಜು ಎನ್ನುತ್ತೇವೆ, ಹಿಂದಿನವರು ಛತ್ರ ಎನ್ನುತ್ತಿದ್ದರು. ಮೈಸೂರಿಗೆ ಆಸ್ಪತ್ರೆಗೋ ಕೋರ್ಟಿಗೋ ಹೋದವರು ನಂಜರಾಜ ಬಹದ್ದೂರ್ ಛತ್ರದಲ್ಲಿ ಉಳಿದ ಕಥೆಗಳನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೇನೆ. ಮಲಗುವ ಹೋಟೆಲು ಮೈಸೂರಿನಲ್ಲಿ ಇರಲಿಲ್ಲವೆಂದಲ್ಲ. ಲಲಿತಮಹಲ್ ಇತ್ತಲ್ಲ. 1921ರಲ್ಲಿ ವೈಸರಾಯ್ ಬಂದರೆ ಇಳಿಯಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, 1974ರಲ್ಲಿ ಹೋಟೆಲಾಯಿತು. ಆದರೆ ಅದು ನಮಗೆ ದಸರೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ಬೆರಳು ತೋರಿಸುವ ವಸ್ತು.

ಅವ್ವನಿಗೆ ಹೋಟೆಲು ಎನ್ನುವ ಮಾತಿಗೆ ಇನ್ನೂ ಒಂದು ಅರ್ಥವಿತ್ತು. ಅದು ಅವಳ ಮನೆ. ಅಪ್ಪ ಬಸ್ಸು ನಿಲ್ಲುವ ಜಾಗದ ಎದುರು ಮೂವತ್ತೊಂದು ವರ್ಷ ಒಂದು ಚಿಕ್ಕ ಹೋಟೆಲು ನಡೆಸಿದರು. ನಾಲ್ಕು ಮೇಜು, ಎಂಟು ಬೆಂಚು, ಗೋಡೆಗೆ ದೇವರ ಪಟ. ಅಪ್ಪ ಗಲ್ಲಾದಲ್ಲಿ, ಅವ್ವ ಒಳಗೆ ಒಲೆಯ ಮುಂದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಮೊದಲ ಬಸ್ಸಿನ ಡ್ರೈವರಿಗೆ ಬಿಸಿ ಇಡ್ಲಿ ಸಿಗಬೇಕು. ಇಷ್ಟು ವರ್ಷದಲ್ಲಿ ಅವ್ವ ಬೇರೆ ಯಾವ ಹೋಟೆಲಿನಲ್ಲೂ ಗಿರಾಕಿಯಾಗಿ ಕೂತವಳಲ್ಲ. ಮೈಸೂರಿಗೆ ಹೋದರೂ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅಂದು ಎಳೆದ ಷಟರು ಹಾಗೇ ಇದೆ. ಮೊಬೈಲ್ ಅಂಗಡಿ ಇಡುತ್ತೇನೆಂದು ಒಬ್ಬರು ಒಳ್ಳೆಯ ಬಾಡಿಗೆ ಹೇಳಿದ್ದರು. ನಮ್ಮಲ್ಲಿ ಚಿಕ್ಕಂದಿನಿಂದ ಲೋಟ ತೊಳೆದು, ಆಮೇಲೆ ಸಪ್ಲೈ ಮಾಡಿ, ಕೊನೆಗೆ ದೋಸೆ ಹಾಕುವುದನ್ನೂ ಕಲಿತ ಹುಡುಗನೊಬ್ಬ, ಈಗ ಕೆ.ಆರ್. ನಗರದಲ್ಲಿ ಕೆಲಸ ಮಾಡುತ್ತಿರುವವನು, ಅದರ ಅರ್ಧ ಬಾಡಿಗೆಗೆ ಕೇಳಿದ್ದ. ಅವ್ವ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದಳು: “ಮೊಮ್ಮಗನ್ನ ನೋಡ್ಕ ಬತ್ತೀನಿ, ಆಮ್ಯಾಕೆ ಹೇಳ್ತೀನಿ.”

ಮೊಮ್ಮಗ ಹುಟ್ಟಿದ್ದು ಟೋಕಿಯೊದಲ್ಲಿ. ತಮ್ಮ ಇರುವ ಬಡಾವಣೆಯ ಹೆಸರು ನಿಶಿ-ಕಸಾಯ್. ಕಂಪ್ಯೂಟರ್ ಕೆಲಸಕ್ಕೆಂದು ಹೋದ ಭಾರತೀಯರು ಬಹಳ ಮಂದಿ ಅಲ್ಲಿ ನೆಲೆಸಿದ್ದಾರೆ. ನಮ್ಮ ಬೇಳೆ, ಹುಣಸೆಹಣ್ಣು ಸಿಗುವ ಅಂಗಡಿಗಳೂ ಇವೆ. ತಮ್ಮನ ಮನೆ ನಮ್ಮ ಅಡುಗೆಮನೆ ಮತ್ತು ಹಜಾರ ಸೇರಿಸಿದಷ್ಟು. ಅದರಲ್ಲಿ ಅವರಿಬ್ಬರು, ಮಗು, ಮಗುವಿನ ಅಮ್ಮನ ತಾಯಿ ಬೇರೆ ಬಂದಿದ್ದರು. ಹಾಗಾಗಿ ನಮಗೆ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ ಹೋಟೆಲು.

ಭಾನುವಾರ ಬೆಳಿಗ್ಗೆ ಇಳಿದೆವು. ಹೋಟೆಲಿಗೆ ಹೋದರೆ ಕೋಣೆ ಮಧ್ಯಾಹ್ನ ಮೂರಕ್ಕೇ ಎಂದರು. ಗಂಟುಮೂಟೆ ಇಟ್ಟುಕೊಂಡು ಚೀಟಿ ಕೊಟ್ಟರು, ತಲೆ ಬಾಗಿಸಿದರು, ಆದರೆ ಕೋಣೆ ಮಾತ್ರ ಇಲ್ಲ. ಅವ್ವನಿಗೆ ಇದು ಸರಿಬರಲಿಲ್ಲ. “ಬಂದೋರ್ಗೆ ಮೊದ್ಲು ಕಾಲ್ಗೆ ನೀರು ಕೊಡಬ್ಯಾಡ್ವಾ?” ಮೂರು ಗಂಟೆಯವರೆಗೆ ಮೊಮ್ಮಗನ ಹತ್ತಿರ ಕೂತಿದ್ದು ವಾಪಸು ಬಂದೆವು. (ಮೊಮ್ಮಗನ ವಿಷಯ ಬರೆದರೆ ಈ ಲೇಖನ ಮುಗಿಯುವುದಿಲ್ಲ. ಅಪ್ಪನ ಕಿವಿ ಬಂದಿದೆ ಎಂದಷ್ಟೇ ಹೇಳುತ್ತೇನೆ.)

ಗಡಿಯಾರ ಮೂರು ತೋರಿಸಿದಾಗ ಅಲ್ಲಿದ್ದ ಹುಡುಗಿ ನಮ್ಮ ಪಾಸ್‌ಪೋರ್ಟ್ ಕೇಳಿ ಪ್ರತಿ ಮಾಡಿಕೊಂಡಳು. ಜಪಾನಿನಲ್ಲಿ ಮನೆಯಿಲ್ಲದ ವಿದೇಶಿಯರು ಹೋಟೆಲಿಗೆ ಬಂದರೆ ಹೀಗೆ ಪ್ರತಿ ಇಟ್ಟುಕೊಳ್ಳುವುದು ಅಲ್ಲಿಯ ಕಾನೂನು. ಎರಡೂ ಕೈಯಲ್ಲಿ ಹಿಡಿದು ಒಂದು ಪ್ಲಾಸ್ಟಿಕ್ ಕಾರ್ಡ್ ಕೊಟ್ಟಳು. ಅದೇ ಬೀಗದ ಕೈ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ನ ಸೆರಗ್ಗೆ ಕಟ್ಟೋದು ಹೆಂಗೆ?” ಎಂದಳು. ಮೂವತ್ತೊಂದು ವರ್ಷ ಹೋಟೆಲಿನ ಬೀಗದ ಕೈ ಅವಳ ಸೆರಗಿನ ತುದಿಯಲ್ಲೇ ಇತ್ತು.

ನಮ್ಮ ಕೋಣೆ ಐದನೆಯ ಮಹಡಿ. ನಮ್ಮ ಲೆಕ್ಕದಲ್ಲಿ ನಾಲ್ಕನೆಯದು. ಅಲ್ಲಿ ನೆಲಮಟ್ಟದ ಅಂತಸ್ತನ್ನೇ ಒಂದು ಎಂದು ಎಣಿಸುತ್ತಾರೆ. ಓಣಿಯಲ್ಲಿ ನಡೆಯುತ್ತಾ ಅವ್ವ ಬಾಗಿಲ ಮೇಲಿನ ಅಂಕಿಗಳನ್ನು ಓದುತ್ತಿದ್ದಳು. 502, 503, ಆಮೇಲೆ 505. ಗಕ್ಕನೆ ನಿಂತಳು. “ಎಣಸಕ್ಕೇ ಬರಾಕಿಲ್ವಾ ಇವ್ರಿಗೆ?” ಬರುತ್ತದೆ. ಜಪಾನಿ ಭಾಷೆಯಲ್ಲಿ ನಾಲ್ಕು ಎಂಬುದಕ್ಕೆ ‘ಶಿ’ ಎನ್ನುತ್ತಾರೆ; ಸಾವು ಎಂಬುದಕ್ಕೂ ‘ಶಿ’ ಎಂದೇ. ಒಂಬತ್ತಕ್ಕೆ ‘ಕು’, ಸಂಕಟಕ್ಕೂ ‘ಕು’. ಅದಕ್ಕೇ ಆಸ್ಪತ್ರೆ, ಹೋಟೆಲುಗಳಲ್ಲಿ ಎಷ್ಟೋ ಕಡೆ ಈ ಅಂಕಿಗಳನ್ನು ಬಿಟ್ಟುಬಿಡುತ್ತಾರೆ. ಇದನ್ನು ಹೇಳಿದ ಮೇಲೆ ಅವ್ವನಿಗೆ ಅವರ ಮೇಲೆ ಸ್ವಲ್ಪ ಸಲಿಗೆ ಬಂತು. ನಮ್ಮ ಹಾಗೇ ಇದ್ದಾರೆ ಎನಿಸಿರಬೇಕು.

ಕೋಣೆ ಎಷ್ಟು ಚಿಕ್ಕದೆಂದರೆ ಎರಡು ಮಂಚ ಹಾಕಿದ ಮೇಲೆ ನಮ್ಮ ಪೆಟ್ಟಿಗೆ ತೆರೆಯಲು ಒಂದು ಮಂಚದ ಮೇಲೆ ಹತ್ತಬೇಕಾಯಿತು. ಆ ಕಾರ್ಡನ್ನು ಬಾಗಿಲ ಪಕ್ಕದ ಸೀಳಿಗೆ ತೂರಿಸಿದರೆ ಮಾತ್ರ ದೀಪ ಹತ್ತುವುದು. ಆದರೆ ಅಷ್ಟು ಜಾಗದಲ್ಲಿ ಏನಿರಲಿಲ್ಲ! ಚಪ್ಪಲಿ, ನೀರು ಕಾಯಿಸುವ ಕೆಟಲು, ಎರಡು ಚಹಾ ಚೀಲ, ಹಲ್ಲುಜ್ಜುವ ಬ್ರಷ್ಷು, ಮಡಿಸಿಟ್ಟ ಎರಡು ನಿಲುವಂಗಿ, ಮಂಚದ ತಲೆಯ ಬಳಿ ಗೋಡೆಗೆ ಸಿಕ್ಕಿಸಿದ ಒಂದು ಟಾರ್ಚು. ಟೋಕಿಯೊದಂಥ ಊರಲ್ಲಿ ಕರೆಂಟು ಹೋಗುತ್ತದಾ ಎಂದು ನನಗೆ ನಗು ಬಂತು. ಆ ನಗು ಬುಧವಾರದ ತನಕ ಮಾತ್ರ.

ಬಚ್ಚಲುಮನೆ ಇನ್ನೂ ವಿಚಿತ್ರ. ನೆಲ, ಗೋಡೆ, ಸೂರು, ತೊಟ್ಟಿ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಎಲ್ಲೂ ಹೆಂಚಿನ ಸಂದಿಲ್ಲ, ಗಾರೆಯಿಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದಾಗ ನ್ಯೂ ಒಟಾನಿ ಎಂಬ ದೊಡ್ಡ ಹೋಟೆಲನ್ನು ಆತುರದಲ್ಲಿ ಕಟ್ಟಬೇಕಾಯಿತಂತೆ. ಸಾವಿರಕ್ಕೂ ಹೆಚ್ಚು ಕೋಣೆ. ಒಂದೊಂದು ಬಚ್ಚಲಿಗೂ ಗಾರೆಯವರು ಕೂತರೆ ಒಲಿಂಪಿಕ್ಸ್ ಮುಗಿದೇ ಹೋಗುತ್ತಿತ್ತು. ಟೋಟೊ ಕಂಪನಿಯವರು ಕಾರ್ಖಾನೆಯಲ್ಲೇ ಬಚ್ಚಲುಗಳನ್ನು ಮಾಡಿ, ತಂದು ಜೋಡಿಸಿದರು. ಆ ಉಪಾಯವೇ ಜಪಾನಿನ ಹೋಟೆಲುಗಳಿಗೂ ಮನೆಗಳಿಗೂ ಹಬ್ಬಿತು. ನೀರು ಚಿಮ್ಮಿಸುವ ಗುಂಡಿಗಳಿದ್ದ ಕಮೋಡ್ ಕೂಡ ಅದೇ ಕಂಪನಿಯದು, 1980ರಿಂದ ಮಾರುತ್ತಿದ್ದಾರೆ. ಅಮೆರಿಕಕ್ಕೆ ಹೋಗಿಬಂದ ನಮ್ಮ ನೆಂಟರು ಅಲ್ಲಿ ಬರೀ ಕಾಗದ ಎಂದು ಹೆದರಿಸಿದ್ದರಿಂದ ಅವ್ವ ಒಂದು ಚೊಂಬನ್ನು ಪೆಟ್ಟಿಗೆಯಲ್ಲಿ ತಂದಿದ್ದಳು. ಗುಂಡಿ ಒತ್ತಿ ತೋರಿಸಿದೆ. ಹೊರಗೆ ಬಂದವಳು, “ಚೊಂಬು ಸುಮ್ಕೆ ಹೊತ್ಕಂಡ್ ಬಂದೆ” ಎಂದಳು. ಜಪಾನಿಗೆ ಅವಳು ಕೊಟ್ಟ ಮೊದಲ ಸರ್ಟಿಫಿಕೇಟು ಅದು.

ರಾತ್ರಿ ಅವಳು ಮಂಚದ ಮೇಲೆ ಮಲಗಲಿಲ್ಲ. ಮಡಿಕೆ ಬಿಡದ ಆ ಬಿಳಿ ಹಾಸಿಗೆ ನೋಡಿ, “ಕೊಳೆ ಆಯ್ತದೆ” ಎಂದು ನೆಲದಲ್ಲಿ ಶಾಲು ಹಾಸಿಕೊಂಡಳು. ಎರಡು ಮಂಚದ ನಡುವೆ ಒಬ್ಬರು ಮಗ್ಗುಲಾಗುವಷ್ಟೇ ಜಾಗ. ನಾನು ರಾತ್ರಿ ಎದ್ದರೆ ತುಳಿಯುತ್ತೇನೆಂಬ ಹೆದರಿಕೆಯಲ್ಲಿ ನಿದ್ದೆ ಮಾಡಲಿಲ್ಲ.

ಬೆಳಗಿನ ತಿಂಡಿ ಹೋಟೆಲಿನ ಲೆಕ್ಕದಲ್ಲೇ. ಕೆಳಗೆ ಉದ್ದನೆಯ ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟು, ಬೇಕಾದ್ದು ಬೇಕಾದಷ್ಟು ಬಡಿಸಿಕೊಳ್ಳಿ ಎನ್ನುವ ಕ್ರಮ. ನಾವು ಬಫೆ ಎನ್ನುವುದನ್ನು ಜಪಾನಿನವರು ‘ಬೈಕಿಂಗು’ ಎನ್ನುತ್ತಾರೆ, ಅಂದರೆ ವೈಕಿಂಗ್. ಹಡಗುಗಳಲ್ಲಿ ಬಂದು ಊರು ಲೂಟಿ ಮಾಡುತ್ತಿದ್ದ ವೈಕಿಂಗರಿಗೂ ತಿಂಡಿಗೂ ಏನು ಸಂಬಂಧ? ಟೋಕಿಯೊದ ಇಂಪೀರಿಯಲ್ ಹೋಟೆಲಿನ ಮುಖ್ಯಸ್ಥರು ಡೆನ್ಮಾರ್ಕಿನಲ್ಲಿ ಇಂಥ ಊಟ ನೋಡಿ ಬಂದು 1958ರಲ್ಲಿ ಜಪಾನಿನಲ್ಲಿ ಶುರುಮಾಡಿದರು. ಮೂಲ ಹೆಸರು ಜಪಾನಿಗಳ ನಾಲಗೆಗೆ ಹೊರಳುವಂಥದ್ದಲ್ಲ. ಆಗ ವೈಕಿಂಗರ ಕಥೆಯ ಒಂದು ಹಾಲಿವುಡ್ ಸಿನಿಮಾ ಓಡುತ್ತಿತ್ತು, ಅದನ್ನೇ ಇಟ್ಟರು. ಈಗ ಊರೂರಲ್ಲೂ ಅದೇ ಹೆಸರು.

ಅವ್ವ ತಟ್ಟೆ ಹಿಡಿದುಕೊಂಡು ಮೊದಲು ಇಡೀ ಮೇಜನ್ನು ಒಂದು ಸುತ್ತು ಬಂದಳು. ಬಡಿಸಿಕೊಳ್ಳಲು ಅಲ್ಲ, ಪರೀಕ್ಷೆಗೆ. ಅನ್ನವನ್ನು ಬೆರಳಲ್ಲಿ ಹಿಸುಕಿದಳು. ನಾಲೆ ಬಯಲಿನ ಭತ್ತ ಉಂಡು ಬೆಳೆದವಳು, ಅನ್ನದ ವಿಚಾರದಲ್ಲಿ ಅವಳನ್ನು ಒಪ್ಪಿಸುವುದು ಕಷ್ಟ. “ಮುದ್ದೆ ಅಲ್ಲ, ಅನ್ನಾನೂ ಅಲ್ಲ. ಆದ್ರೂ ರುಚಿ ಅದೆ.” ನಾರಿನಂತೆ ಎಳೆ ಎಳೆ ಬರುವ ಸೋಯಾಕಾಳಿನ ನಾಟೊ ನೋಡಿ, ಹಳಸಿದ ಅವರೆಕಾಳೆಂದು ತೀರ್ಮಾನಿಸಿದಳು. ಸುಟ್ಟ ಮೀನಿನ ತುಂಡುಗಳ ಮುಂದೆ ಒಂದು ಕ್ಷಣ ನಿಂತಳು. ಅವ್ವ ಮೀನು ತಿನ್ನುತ್ತಾಳೆ, ಆದರೆ ಅಂದು ಸೋಮವಾರ. ಸೋಮವಾರ ನಮ್ಮ ಮನೆಯಲ್ಲಿ ಇಲ್ಲ.

ಮಿಸೊ ಸಾರು ಬಿಸಿಯಾಗಿ, ಮಬ್ಬಾಗಿ, ನಮ್ಮ ಉಪ್ಸಾರಿನಂತೆ ಕಾಣುತ್ತಿತ್ತು. ನಾನೊಂದು ಬಟ್ಟಲು ತಂದು ಅವಳ ಮುಂದಿಟ್ಟೆ. ಅದಕ್ಕೆ ಒಣಮೀನಿನ ತೊಗಟೆಯಂಥ ಚೂರುಗಳನ್ನು ಕುದಿಸಿದ ನೀರು ಹಾಕುತ್ತಾರೆಂದು ತಮ್ಮ ಹೇಳಿದ್ದ. ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಪಾಪ, ಬಿಸಿಯಾಗಿ ಏನಾದರೂ ಹೊಟ್ಟೆಗೆ ಹೋಗಲಿ. ಅವ್ವ ಬಟ್ಟಲನ್ನು ಮೂಗಿನ ಹತ್ತಿರ ತಂದಳು, ಒಮ್ಮೆ ಮೂಸಿದಳು, ಮೇಜಿನ ಮೇಲಿಟ್ಟು ನನ್ನತ್ತ ತಳ್ಳಿದಳು. “ಇವತ್ತು ಸೋಮಾರ” ಎಂದಳು ಅಷ್ಟೇ. ಮೂವತ್ತೊಂದು ವರ್ಷ ಒಲೆ ಮುಂದೆ ಇದ್ದವಳಿಗೆ ಮೋಸ ಮಾಡಲು ಹೊರಟಿದ್ದೆ.

ತಿಂಡಿಯಾದ ಮೇಲೆ ನಾವು ತಮ್ಮನ ಮನೆಗೆ ಹೊರಡಬೇಕು. ಅವ್ವ ಹೊರಡಲೊಲ್ಲಳು. ಕೋಣೆ ಗುಡಿಸುವವರು ಬರುತ್ತಾರೆಂದು ನಾನು ಹೇಳಿದ್ದೇ ತಪ್ಪಾಯಿತು. “ನಾವ್ ಮಲಗಿದ್ ಜಾಗವ ಯಾರೋ ಗುಡಿಸೋದಾ? ನಾವಿಲ್ದೆ?” ಆಗಲೇ ಎರಡೂ ಮಂಚದ ದುಪ್ಪಟಿ ಎಳೆದು, ಕಪ್ಪು ತೊಳೆದು, ಬಚ್ಚಲಲ್ಲಿ ಬಿದ್ದ ಕೂದಲನ್ನು ಆರಿಸಿಟ್ಟಿದ್ದಳು. ಚಳಿಗೆ ಆ ಹೋಟೆಲಿನ ನಿಲುವಂಗಿಯನ್ನು ಸೀರೆಯ ಮೇಲೇ ತೊಟ್ಟು, ಪಟ್ಟಿ ಬಿಗಿದು, ಕಾಯುತ್ತ ಕೂತಳು.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಕೈಗಾಡಿ ತಳ್ಳಿಕೊಂಡು ಬಂದಾಕೆ ಹುಡುಗಿಯಲ್ಲ, ಹೆಚ್ಚುಕಡಿಮೆ ಅವ್ವನ ವಯಸ್ಸಿನವರು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ್ದರು. ನಮ್ಮನ್ನು ನೋಡಿ, ಏನೋ ಹೇಳಿ ಬಾಗಿ, ಆಮೇಲೆ ಬರುತ್ತೇನೆಂಬಂತೆ ಹಿಂದೆ ಸರಿದರು. ಅವ್ವ ಹೋಗಿ ಅವರ ಕೈಗಾಡಿಯನ್ನೇ ಹಿಡಿದು ಒಳಗೆಳೆದಳು.

ಆಕೆ ಒಳಗೆ ಬಂದು ಅವ್ವನ ಕಡೆ ಸರಿಯಾಗಿ ನೋಡಿದರು. ಮುಖ ಬದಲಾಯಿತು. ಕೈಯಲ್ಲಿದ್ದ ದುಪ್ಪಟಿ ಮಂಚದ ಮೇಲಿಟ್ಟು, ಅವ್ವನ ಹತ್ತಿರ ಬಂದು, ಒಪ್ಪಿಗೆ ಕೇಳುವಂತೆ ತಲೆ ಬಗ್ಗಿಸಿ, ಸೊಂಟದ ಪಟ್ಟಿ ಬಿಚ್ಚಿಯೇಬಿಟ್ಟರು! ನಾನು ಎದ್ದು ನಿಂತೆ. ಆಕೆ ನಿಲುವಂಗಿಯ ಎರಡು ಅಂಚನ್ನು ಬಿಡಿಸಿ, ಕೆಳಗಿದ್ದ ಎಡಗಡೆಯ ಅಂಚನ್ನು ಬಲಗಡೆಯದರ ಮೇಲೆ ತಂದು, ನೇರ್ಪು ಮಾಡಿ, ಮತ್ತೆ ಪಟ್ಟಿ ಕಟ್ಟಿದರು. ಎದೆಯ ಮೇಲೆ ಮೆಲ್ಲಗೆ ತಟ್ಟಿ ನಕ್ಕರು. ಕಾರಣ ಗೊತ್ತಾಗಿದ್ದು ಸಂಜೆ ತಮ್ಮ ಹೇಳಿದಾಗ. ಜಪಾನಿನಲ್ಲಿ ಬದುಕಿರುವವರು ಗಂಡಾಗಲಿ ಹೆಣ್ಣಾಗಲಿ ಎಡಗಡೆಯ ಅಂಚು ಮೇಲೆ ಬರುವಂತೆ ತೊಡುತ್ತಾರೆ. ಬಲಗಡೆಯದು ಮೇಲೆ ಬರುವಂತೆ ತೊಡಿಸುವುದು ಹೆಣಕ್ಕೆ. ಅವ್ವ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅದ್ಕೇ ಓಡ್ ಬಂದ್ಲು ಅವಳು” ಎಂದಳು ಆಮೇಲೆ.

ಅಂದು ಆ ಕೋಣೆಯಲ್ಲಿ ನಡೆದದ್ದನ್ನು ನಾನು ಮೂಲೆಗೆ ಒತ್ತಿ ನಿಂತು ನೋಡಿದೆ. ಆಕೆ ಹೊಸ ದುಪ್ಪಟಿ ಕೊಡವಿದರು, ಅವ್ವ ಇನ್ನೊಂದು ತುದಿ ಹಿಡಿದಳು. ಆಕೆ ಬೇಡ ಬೇಡ ಎಂದು ಕೈಯಾಡಿಸಿದರು, ಅವ್ವ ಬಿಡಲಿಲ್ಲ. ಮೂಲೆಯನ್ನು ಮಡಿಸಿ ಹಾಸಿಗೆಯ ಅಡಿಗೆ ಸೇರಿಸುವ ಒಂದು ವರಸೆ ಇದೆ, ಕಾಗದದ ದೋಣಿಯ ಮೂಗಿನಂತೆ. ಆಕೆ ಒಂದು ಮೂಲೆ ಮಾಡಿದರು. ಅವ್ವ ತನ್ನ ಮೂಲೆ ಮಾಡಿದಳು, ಸರಿಯಾಗಲಿಲ್ಲ. ಆಕೆ ಬಿಚ್ಚಿ ನಿಧಾನವಾಗಿ ಮತ್ತೆ ತೋರಿಸಿದರು. ಎರಡನೆಯ ಮಂಚಕ್ಕೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಸಲ ಬಾಗಿ ಒಂದೇ ಸಲ ಏಳುತ್ತಿದ್ದರು. ಅವ್ವ ಕನ್ನಡದಲ್ಲಿ ಮಾತಾಡುತ್ತಿದ್ದಳು, ಆಕೆ ಜಪಾನಿಯಲ್ಲಿ. ಸೊಂಟ ನೋವಿನ ವಿಚಾರವೆಂದು ಇಬ್ಬರ ಕೈ ಹೋಗುತ್ತಿದ್ದ ಜಾಗ ನೋಡಿ ತಿಳಿದೆ. ಅಂದು ರಾತ್ರಿ ಅವ್ವ ಮಂಚದ ಮೇಲೆ ಮಲಗಿದಳು. ತಾನು ಹಾಸಿದ್ದಲ್ಲವೇ.

ಮಂಗಳವಾರ ಹೊರಡುವಾಗ ಅವ್ವ ತಮ್ಮನಿಂದ ಇಸಕೊಂಡಿದ್ದ 500 ಯೆನ್ನಿನ ನಾಣ್ಯವನ್ನು ದಿಂಬಿನ ಮೇಲಿಟ್ಟಳು. ಸಂಜೆ ಬಂದು ನೋಡಿದರೆ ಹಾಸಿಗೆ ಹಾಸಿದೆ, ನಾಣ್ಯ ಮೇಜಿನ ಮೇಲೆ, ಒಂದು ಚಿಕ್ಕ ಲಕೋಟೆಯಲ್ಲಿ. ಮೇಲೆ ಜಪಾನಿಯಲ್ಲಿ ಏನೋ ಬರೆದಿದೆ. ತಮ್ಮ ಫೋಟೊ ನೋಡಿ ಓದಿದ: ಮರೆತು ಬಿಟ್ಟಿದ್ದೀರಿ. ಅಲ್ಲಿ ಟಿಪ್ಸ್ ಕೊಡುವ ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ. ಅವ್ವನಿಗೆ ಅವಮಾನವಾಯಿತೇನೋ ಎಂದುಕೊಂಡೆ. ಅವಳು ನಾಣ್ಯವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, “ನಿಮ್ಮಪ್ಪನೂ ಹಂಗೇ ಅಲ್ವಾ. ಸಪ್ಲೈ ಹುಡುಗ್ರು ಚಿಲ್ರೆ ಇಸ್ಕಂಡ್ರೆ ಬಯ್ಯೋದು” ಎಂದಳು.

ಬುಧವಾರ ದಿಂಬಿನ ಮೇಲೆ ದುಡ್ಡಿಲ್ಲ. ಊರಿಂದ ತಂದ ಚಕ್ಕುಲಿಯಲ್ಲಿ ಆರನ್ನು ಕಾಗದದಲ್ಲಿ ಕಟ್ಟಿ, ಕೈಗಾಡಿ ಓಣಿಗೆ ಬರುವುದನ್ನೇ ಕಾದು, ತಾನೇ ಹೋಗಿ ಕೊಟ್ಟಳು. ಆಕೆ ಎರಡೂ ಕೈಯೊಡ್ಡಿ ತೆಗೆದುಕೊಂಡರು, ಹಣೆಯವರೆಗೂ ಎತ್ತಿದರು. ಸಂಜೆ ಕೆಟಲಿನ ಪಕ್ಕದಲ್ಲಿ ಎರಡರ ಬದಲು ನಾಲ್ಕು ಚಹಾ ಚೀಲ ಇದ್ದವು. ಆ ಹಸಿರು ಚಹಾ ಅವ್ವನಿಗೆ ಇಷ್ಟವಿರಲಿಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ. ಆದರೂ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದಳು. ನಮ್ಮ ಹೋಟೆಲಿನಲ್ಲಿ ದಿನಾ ಬರುವವರ ತಟ್ಟೆಗೆ ಅಪ್ಪ ಕೇಳದೇ ಇನ್ನೊಂದು ಸೌಟು ಚಟ್ನಿ ಹಾಕಿಸುತ್ತಿದ್ದರು. “ಗುರ್ತು ಹಿಡುದ್ಲು” ಎಂದಳು ಅವ್ವ.

ಅದೇ ರಾತ್ರಿ ನೆಲ ನಡುಗಿತು.

ಮೊದಲು ಕಪ್ಪುಗಳು ಕಿಣಿಕಿಣಿ ಎಂದವು. ಆಮೇಲೆ ಮಂಚವನ್ನು ಯಾರೋ ಹಿಡಿದು ತೊಟ್ಟಿಲಿನಂತೆ ತೂಗಿದ ಹಾಗೆ. ಗೋಡೆಯೊಳಗಿಂದ ಕಿರ್ ಎನ್ನುವ ಸದ್ದು. ಮಿರ್ಲೆಯಲ್ಲಿ ಹುಟ್ಟಿದ ನಮಗೆ ಭೂಮಿ ಎಂದರೆ ಅಲ್ಲಾಡದ ವಸ್ತು. ಅವ್ವ ನನ್ನ ಕೈ ಹಿಡಿದಳು, ಇಬ್ಬರೂ ಬರಿಗಾಲಲ್ಲಿ ಬಾಗಿಲು ತೆರೆದು ಓಣಿಗೆ ಬಂದೆವು, ಹಿಂದೆ ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು. ಕಾರ್ಡು ಒಳಗಿನ ಸೀಳಿನಲ್ಲಿ! ಟಾರ್ಚೂ ಒಳಗೆ. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಉಳಿದ ಕೋಣೆಯವರು ಯಾರೂ ಎದ್ದೇ ಬಂದಿರಲಿಲ್ಲ. ಇಂಥ ಹೊತ್ತಲ್ಲಿ ಲಿಫ್ಟು ಹತ್ತಬಾರದೆಂದು ಗೊತ್ತಿದ್ದದ್ದರಿಂದ, ಅವ್ವನ ಮಂಡಿ ನೋವನ್ನೂ ಲೆಕ್ಕಿಸದೆ ಮೆಟ್ಟಿಲಿನಲ್ಲಿ ಇಳಿಸಿಕೊಂಡು ಬಂದೆ.

ಕೆಳಗೆ ರಾತ್ರಿ ಪಾಳಿಯ ಹುಡುಗ ಒಬ್ಬನೇ ಇದ್ದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ನಮ್ಮನ್ನು ನೋಡಿದವನೇ ಒಳಗೆ ಓಡಿ ಎರಡು ಜೊತೆ ಚಪ್ಪಲಿ ತಂದು, ಮೊಣಕಾಲೂರಿ ಅವ್ವನ ಪಾದದ ಮುಂದಿಟ್ಟ. ಕುರ್ಚಿ ತೋರಿಸಿದ. ಬಿಸಿ ಚಹಾ ತಂದ. ಫೋನಿನಲ್ಲಿ ಏನೋ ಬರೆದು ಇಂಗ್ಲಿಷಿಗೆ ತಿರುಗಿಸಿ ತೋರಿಸಿದ: ಕಟ್ಟಡ ಗಟ್ಟಿಯಾಗಿದೆ, ನಾನು ಬೆಳಗಿನವರೆಗೂ ಇಲ್ಲೇ ಇರುತ್ತೇನೆ. ಟಿ.ವಿ.ಯಲ್ಲಿ ಆಗಲೇ ನಕ್ಷೆ ಬಂದಿತ್ತು, ಒಂದೊಂದು ಊರಿನ ಮೇಲೂ ಒಂದೊಂದು ಅಂಕಿ. ಭೂಕಂಪದ ಒಟ್ಟು ಬಲವನ್ನಷ್ಟೇ ಅಲ್ಲದೆ, ಯಾವ ಊರಿನಲ್ಲಿ ಎಷ್ಟು ನಡುಗಿತು ಎಂಬುದನ್ನು ಸೊನ್ನೆಯಿಂದ ಏಳರವರೆಗೆ ಅಳೆದು ಕೆಲವೇ ನಿಮಿಷದಲ್ಲಿ ಹೇಳುತ್ತಾರೆ. ನಾವಿದ್ದಲ್ಲಿ ಮೂರು. ಜಪಾನಿನವರು ಮಗ್ಗುಲು ಬದಲಾಯಿಸಿ ಮಲಗುವಷ್ಟು.

ಅವ್ವನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆ ಹುಡುಗ ಕೂರಲೂ ಇಲ್ಲ, ಹೊಸ ಕಾರ್ಡು ಕೊಟ್ಟು ನಮ್ಮನ್ನು ಸಾಗಹಾಕಲೂ ಇಲ್ಲ. ದೂರದಲ್ಲಿ ನಿಂತೇ ಇದ್ದ. ಅವ್ವ ಅವನನ್ನೇ ನೋಡುತ್ತಾ, “ಊಟ ಮಾಡವ್ನಾ ಕೇಳು” ಎಂದಳು. ನಾನು ಫೋನಿನಲ್ಲಿ ಬರೆದು ಕೇಳಿದೆ. ಅವನು ಓದಿ ತಬ್ಬಿಬ್ಬಾಗಿ ನಕ್ಕ, ಹೊಟ್ಟೆ ಮುಟ್ಟಿಕೊಂಡು ಹೂಂ ಎಂದ. “ಸುಳ್ಳು. ನಮ್ ಹುಡುಗನೂ ಹಿಂಗೇ ಅನ್ನೋನು” ಎಂದಳು ಅವ್ವ.

ಮರುದಿನ ತಮ್ಮ ನಮಗೆ ಧೈರ್ಯ ಬರಲೆಂದು ಹೋಟೆಲಿನ ಕಥೆಗಳನ್ನೇ ಹೇಳಿದ. ವೈಕಿಂಗ್ ಊಟದ ಆ ಇಂಪೀರಿಯಲ್ ಹೋಟೆಲು ಇದೆಯಲ್ಲ, ಅದರ ಹೊಸ ಕಟ್ಟಡವನ್ನು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದ. ಪ್ರಾರಂಭೋತ್ಸವ 1923ರ ಸೆಪ್ಟೆಂಬರ್ 1ಕ್ಕೆ. ಅಂದೇ ಮಧ್ಯಾಹ್ನ, ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ, ಟೋಕಿಯೊ ಮತ್ತು ಯೊಕೊಹಾಮಾಗಳನ್ನು ನೆಲಸಮ ಮಾಡಿದ ಮಹಾ ಭೂಕಂಪ. ಅಡುಗೆಯ ಹೊತ್ತು, ಒಲೆಗಳೆಲ್ಲ ಉರಿಯುತ್ತಿದ್ದವು; ಬೆಂಕಿಯಲ್ಲೇ ಹೆಚ್ಚು ಜನ ಸತ್ತರು. ಹೋಟೆಲು ನಿಂತಿತು. ಇಂದಿಗೂ ಸೆಪ್ಟೆಂಬರ್ 1ರಂದು ಜಪಾನಿನಲ್ಲಿ ಶಾಲೆ, ಕಚೇರಿಗಳಲ್ಲಿ ಭೂಕಂಪದ ಕವಾಯತು ಮಾಡಿಸುತ್ತಾರೆ. ಅವ್ವ ಹೋಟೆಲು ನಿಂತ ಕಥೆಗಿಂತ “ಒಲೆ ಉರೀತಿದ್ವಾ?” ಎಂಬುದನ್ನೇ ಎರಡು ಸಲ ಕೇಳಿದಳು.

ಇನ್ನೊಂದು ಕಥೆ ಅವಳನ್ನು ಹೆಚ್ಚು ಹಿಡಿಯಿತು. ಟೋಕಿಯೊದ ಪಶ್ಚಿಮಕ್ಕೆ ಯಮನಾಶಿ ಸೀಮೆಯ ಬೆಟ್ಟಗಳ ನಡುವೆ, ಬಿಸಿನೀರಿನ ಬುಗ್ಗೆಯ ಪಕ್ಕ ಕೆಯಿಉನ್‌ಕನ್ ಎಂಬ ಹೋಟೆಲು ಇದೆ. ಕ್ರಿ.ಶ. 705ರಲ್ಲಿ ಶುರುವಾದದ್ದು, ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ ಸೇರಿದೆ. ನಮ್ಮ ಕಡೆ ತಲಕಾಡಿನ ಗಂಗರು ಆಳುತ್ತಿದ್ದ ಕಾಲ ಅದು. ಐವತ್ತೆರಡು ತಲೆಮಾರು ಒಂದೇ ಮನೆತನದವರು ನಡೆಸಿದರು. ಮಕ್ಕಳಿಲ್ಲದಾಗ ದತ್ತು ತೆಗೆದುಕೊಂಡೂ ನಡೆಸಿದ್ದುಂಟು.

“ಈಗ?” ಎಂದಳು ಅವ್ವ.

“ಮುಂದುವರಿಸೋರು ಮನೇಲಿ ಯಾರೂ ಸಿಗಲಿಲ್ಲ ಕಣವ್ವಾ. 2017ರಲ್ಲಿ ಅಲ್ಲೇ ಕೆಲಸಕ್ಕಿದ್ದೋರಿಗೆ ವಹಿಸಿದ್ರು.”

ಅವ್ವ ಮಗುವಿನ ಕಾಲಿಗೆ ಎಣ್ಣೆ ನೀವುತ್ತಿದ್ದಳು. ನೀವುತ್ತಲೇ ಇದ್ದಳು. ತಮ್ಮ ಏನೋ ತಪ್ಪು ಮಾತಾಡಿದೆನೇ ಎಂಬಂತೆ ನನ್ನ ಮುಖ ನೋಡಿದ. ಹೋಟೆಲು ನೋಡಿಕೊಳ್ಳಬೇಕಾದವನು ಅವನೇ ಎಂದು ಅಪ್ಪ ಒಂದು ಕಾಲದಲ್ಲಿ ಆಸೆಪಟ್ಟಿದ್ದರು. ಅದನ್ನು ಯಾರೂ ಆಡಲಿಲ್ಲ.

ಉಳಿದ ದಿನಗಳಲ್ಲಿ ಟೋಕಿಯೊದ ಗುಡಿ, ಗೋಪುರ, ರೈಲು ಎಲ್ಲ ನೋಡಿದೆವು. ಅವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಕಾರ್ಡಿಗೆ ಮಾತ್ರ ಅವ್ವ ಒಂದು ದಾರಿ ಮಾಡಿದಳು: ಕರವಸ್ತ್ರದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು. ಪ್ರತಿ ಸಲ ಬಾಗಿಲ ಮುಂದೆ ನಿಂತು ಗಂಟು ಬಿಚ್ಚಲು ಎರಡು ನಿಮಿಷ. ಇನ್ನೊಂದು ಕಾರ್ಡು ದೀಪದ ಸೀಳಿಗೆಂದೇ ನಾನು ಕೇಳಿ ಇಸಕೊಂಡೆ.

ಭಾನುವಾರ ಹತ್ತಕ್ಕೆ ಕೋಣೆ ಬಿಡಬೇಕು. ಏಳಕ್ಕೇ ಎದ್ದು ಅವ್ವ ಎರಡೂ ಮಂಚದ ಮೂಲೆಗಳನ್ನು ದೋಣಿಯ ಮೂಗಿನಂತೆ ಮಡಿಸಿದಳು. ಹೇಗೂ ತೆಗೆದು ಒಗೆಯುತ್ತಾರೆ ಎಂದರೂ ಕೇಳಲಿಲ್ಲ. ಉಳಿದ ಚಕ್ಕುಲಿ ಡಬ್ಬಿಯನ್ನು ಕೆಟಲಿನ ಪಕ್ಕದಲ್ಲಿಟ್ಟಳು. ಕೆಳಗೆ ಬಂದು ಕಾರ್ಡುಗಳನ್ನು ಒಪ್ಪಿಸಿದೆವು. ರಾತ್ರಿ ಪಾಳಿಯ ಹುಡುಗ ಇರಲಿಲ್ಲ. ತಮ್ಮ ಟ್ಯಾಕ್ಸಿಗೆ ಹೇಳಲು ಹೋದ.

“ಫೋನು ಕೊಡು. ನಮ್ ಹುಡುಗಂಗೆ ಹಚ್ಕೊಡು.”

“ಅಲ್ಲಿ ಈಗಿನ್ನೂ ಆರೂವರೆ ಅವ್ವಾ.”

“ಹೋಟ್ಲವ್ನು ಆರೂವರೆಗೆ ಮಲಗಿರ್ತಾನಾ?”

ಮಲಗಿರಲಿಲ್ಲ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅವ್ವ ಕ್ಷೇಮ ಸಮಾಚಾರಕ್ಕೂ ಹೋಗದೆ, ಹೋಟೆಲಿನ ಆ ಸದ್ದಿಲ್ಲದ ಹಜಾರದಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಹೇಳತೊಡಗಿದಳು: “ಲೋ ಮಗಾ, ಬೀಗದ ಕೈ ಪಕ್ಕದ ಮನೇಲಿ ಅದೆ, ಇಸ್ಕೊ. ಬಾಡಿಗೆ ಮಾತು ಬಂದ್ಮ್ಯಾಲೆ ಆಡಾನ. ಎರಡ್ ವರ್ಸದ ಧೂಳು ಅದೆ ಕಣಪ್ಪ, ಷಟರು ತಗ್ದು ಗಾಳಿ ಆಡ್ಸು. ರುಬ್ಬೋ ಕಲ್ನ ಬಿಸ್ನೀರಲ್ಲಿ ತೊಳಿ. ದೋಸೆ ಕಾವ್ಲಿ ಮುಟ್ಬ್ಯಾಡ, ಅದ ನಾನು ಬಂದು ಪಳಗುಸ್ತೀನಿ.”